ಮಾವನ ದಿಬ್ಬದ ಹಂದಿಗೆಡ್ಡೆ

೧

ಎಲ್ಲಿಂದ ಶುರು ಮಾಡಲಿ? ಹೂವಿನಿಂದ ಶುರು ಮಾಡಿದರೆ ಪ್ರೇಮಕಥೆ ಅಂದುಕೊಳ್ಳುತ್ತೀರಿ. ಗೋರಿಯಿಂದ ಶುರು ಮಾಡಿದರೆ ದೆವ್ವದ ಕಥೆ ಅಂದುಕೊಳ್ಳುತ್ತೀರಿ. ಗೆಡ್ಡೆಯಿಂದ ಶುರು ಮಾಡಿದರೆ ಪತ್ರಿಕೆಯ ಕೃಷಿ ಪುರವಣಿ ಅಂದುಕೊಂಡು ಪುಟ ಮಗುಚುತ್ತೀರಿ. ಮೂರನ್ನೂ ಬರೆದು ನೋಡಿದೆ, ಮೂರನ್ನೂ ಹರಿದು ಬಿಸಾಕಿದೆ. (ಹರಿದೆ ಅನ್ನುವುದು ಬರೀ ಶೋಕಿ. ಲ್ಯಾಪ್‌ಟಾಪಿನಲ್ಲಿ ಡಿಲೀಟ್ ಒತ್ತಿದೆ, ಅಷ್ಟೇ.)

ಹೋಗಲಿ, ಎರಡು ಬೋಗುಣಿ ಮಣ್ಣಿನಿಂದ ಶುರು ಮಾಡುತ್ತೇನೆ. ಮಣ್ಣಿನ ಬಗ್ಗೆ ಯಾರಿಗೂ ತಕರಾರಿರುವುದಿಲ್ಲ.

೨

ಕೊರಿಯಾದ ಬೊಂಗ್‌ಹ್ವಾ ಬೆಟ್ಟಗಳ ನಡುವೆ ಒಂದು ಕಣಿವೆ. ಒಂದು ಮನೆ, ಮನೆಯ ಹಿಂದೆ ತರಕಾರಿ ಹಿತ್ತಲು, ಹಿತ್ತಲ ಮೇಲಿನ ಏರಿನಲ್ಲಿ ಆ ಮನೆಯ ಹಿರಿಸೊಸೆಯ ಮಾವನ ಗೋರಿ. ಗೋರಿಯೆಂದರೆ ಕಲ್ಲು ಗಾರೆಯದ್ದಲ್ಲ, ಹುಲ್ಲು ಹೊದ್ದ ದುಂಡನೆಯ ಮಣ್ಣಿನ ದಿಬ್ಬ. ಅಡುಗೆಮನೆಯ ಕಿಟಕಿಯಿಂದ ಅದರ ನೆತ್ತಿ ಕಾಣುತ್ತದೆ.

ಹೋದ ವರ್ಷದ ಏಪ್ರಿಲ್, ಹನ್‌ಸಿಕ್ ದಿನ. ಗೋರಿಯ ಮಣ್ಣು ಮುಟ್ಟಲು ವರ್ಷಕ್ಕೆ ಅದೊಂದೇ ದಿನ. ಬೇರೆ ದಿನ ಗುದ್ದಲಿ ಹಾಕಿದರೆ ಮಲಗಿದವರು ಸಿಟ್ಟಾಗುತ್ತಾರೆ. ಚಳಿಗಾಲದ ಹಿಮ ಕರಗಿ ದಿಬ್ಬದ ಎಡ ಮಗ್ಗುಲು ಕುಸಿದಿತ್ತು. ಮಧ್ಯಾಹ್ನಕ್ಕೆ ಚಿಕ್ಕಮಾವ, ಅಂದರೆ ಸತ್ತವರ ತಮ್ಮ, ಬರುವವರಿದ್ದರು. ಅಷ್ಟರೊಳಗೆ ದಿಬ್ಬ ನೆಟ್ಟಗಾಗಬೇಕು.

ಅದು ಹಿರಿಸೊಸೆಯ ಕೆಲಸ. ಹಿರಿಸೊಸೆ ಮಲ್‌ಸುನ್, ಐವತ್ತೊಂಬತ್ತರ ಹೆಂಗಸು. ಐದನೆಯದೂ ಹೆಣ್ಣಾದಾಗ ಅವಳಪ್ಪ ‘ಇದೇ ಕೊನೆಯದಾಗಲಿ’ ಎಂದು ಇಟ್ಟ ಹೆಸರು. ನಮ್ಮಲ್ಲಿ ಸಾಕಮ್ಮ ಅಂತ ಇಡುತ್ತಾರಲ್ಲ, ಹಾಗೆ. ಗಂಡ ಊರಿನ ಬಸ್ಸು ಓಡಿಸುತ್ತಾನೆ. ಈ ಕಥೆಯಲ್ಲಿ ಅವನಿಗೆ ಮಾತಿಲ್ಲ. ಮನೆಯಲ್ಲೂ ಇಲ್ಲ.

ಗೋರಿಗೆ ಹಾಕುವ ಮಣ್ಣನ್ನು ಮೇಲಿನ ಪೈನ್ ಕಾಡಿನಿಂದ ತರಬೇಕು. ಯಾರೂ ಉಳದ, ಗೊಬ್ಬರ ಕಾಣದ ಕೆಂಪು ಮಣ್ಣೇ ಆಗಬೇಕು. ಮಲ್‌ಸುನ್ ಬೋಗುಣಿ ಹಿಡಿದು ಕಾಡಿನ ಏರನ್ನು ನೋಡಿದಳು. ತನ್ನ ಮಂಡಿಗಳನ್ನು ನೋಡಿದಳು. ಆಮೇಲೆ ಹಿತ್ತಲ ಅಂಚಿಗೆ ಬಂದು, ಹಂದಿಗೆಡ್ಡೆಯ ಪಾತಿಯ ಪಕ್ಕದ ಸಡಿಲ ಮಣ್ಣನ್ನು ಎರಡು ಬೋಗುಣಿ ತುಂಬಿ, ಸುರಿದು, ತಟ್ಟಿ, ಮೇಲೆ ಹುಲ್ಲಿನ ಹೆಂಟೆ ಕೂರಿಸಿದಳು.

(“ಸೋಮಾರಿ ಅಂತ ಬರೀಬೇಡ,” ಎಂದು ಮಲ್‌ಸುನ್ ನನ್ನ ಹೆಗಲ ಮೇಲಿಂದ ಬಗ್ಗಿ ಹೇಳುತ್ತಿದ್ದಾಳೆ. ನಾನು ಹನ್ನೊಂದು ವರ್ಷದಿಂದ ಇವರ ಹೊರಕೋಣೆಯ ಬಾಡಿಗೆದಾರ. ಅವಳಿಗೆ ಕನ್ನಡ ಲಿಪಿ ಓದಲು ಬರುವುದಿಲ್ಲ, ಆದರೂ ನಾನೇನು ಬರೆಯುತ್ತಿದ್ದೇನೆ ಎನ್ನುವುದು ಅವಳಿಗೆ ಹೇಗೋ ಗೊತ್ತಾಗುತ್ತದೆ. “ಮಂಡಿ ನೋವು ಅಂತ ಬರಿ.” ಬರೆದಿದ್ದೇನೆ ಅಕ್ಕಾ. “ಎರಡೂ ಮಂಡಿ.”)

ಮಧ್ಯಾಹ್ನ ಚಿಕ್ಕಮಾವ ಮನ್‌ಬೊಕ್ ಬಂದರು. ಎಪ್ಪತ್ತಾರು ವರ್ಷ, ಇಸ್ತ್ರಿ ಮಾಡಿದ ಕೋಟು, ವಂಶಾವಳಿಯ ಇಪ್ಪತ್ತು ತಲೆ ಬಾಯಿಪಾಠ. ದಿಬ್ಬದ ಎಡ ಮಗ್ಗುಲನ್ನು ಅಂಗೈಯಿಂದ ತಟ್ಟಿ ನೋಡಿದರು.

“ಮಣ್ಣು ಚೆನ್ನಾಗಿ ಕೂರಿಸಿದ್ದೀಯ ಸೊಸೆಯೇ. ಕಾಡಿನ ಮಣ್ಣೇ ತಾನೇ?”

“ಹೂಂ ಚಿಕ್ಕಮಾವ,” ಅಂದಳು ಮಲ್‌ಸುನ್.

ಆ ಒಂದು ‘ಹೂಂ’ ಇಲ್ಲದಿದ್ದರೆ ಕಥೆಯೇ ಇರುತ್ತಿರಲಿಲ್ಲ.

೩

ಇಲ್ಲಿ ಗೆಡ್ಡೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಪುರವಣಿ ಅನ್ನಿಸಿದರೂ ಸರಿ. ಇಂಗ್ಲಿಷಿನವರು ಇದನ್ನು ಜೆರುಸಲೇಮ್ ಆರ್ಟಿಚೋಕ್ ಅನ್ನುತ್ತಾರೆ. ಅದು ಜೆರುಸಲೇಮಿನದೂ ಅಲ್ಲ, ಆರ್ಟಿಚೋಕೂ ಅಲ್ಲ. ಇಲ್ಲಿಯವರು ಸುಮ್ಮನೆ ಹಂದಿಗೆಡ್ಡೆ ಅನ್ನುತ್ತಾರೆ, ಒಂದು ಕಾಲಕ್ಕೆ ಹಂದಿಗೆ ಹಾಕುತ್ತಿದ್ದುದರಿಂದ. ಗಿಡ ಸೂರ್ಯಕಾಂತಿಯ ದಾಯಾದಿ. ಗೆಡ್ಡೆ ನೋಡಲು ಶುಂಠಿಯ ಹಾಗೆ ಗಂಟುಗಂಟು; ಹಸಿಯಾಗಿ ಕಚ್ಚಿದರೆ ಕರಕರ, ನೀರುನೀರು, ಹಿಂದೆ ಸಣ್ಣ ಸಿಹಿ.

ಅತ್ತೆಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ವರ್ಷ ಮಲ್‌ಸುನ್ ನಾಲ್ಕು ಗೆಡ್ಡೆ ತಂದು ನೆಟ್ಟಳು. ಟೀವಿಯಲ್ಲಿ ಯಾರೋ ಒಳ್ಳೆಯದು ಅಂದಿದ್ದರಂತೆ. ಈಗ ಹಿತ್ತಲ ಮೇಲಂಚಿನ ಉದ್ದಕ್ಕೂ ಅದೇ. ಮೊದಲ ಹಿಮ ಬಿದ್ದ ಮೇಲೆ ಅಗೆಯುತ್ತಾರೆ. ಒಂದಷ್ಟನ್ನು ಸೋಯಾದಲ್ಲಿ ಉಪ್ಪಿನಕಾಯಿ ಹಾಕುತ್ತಾರೆ, ಒಂದಷ್ಟನ್ನು ತೆಳ್ಳಗೆ ಹೆಚ್ಚಿ ಒಣಗಿಸಿ ಹುರಿದು ಚಹಾ ಮಾಡುತ್ತಾರೆ. ಎಲ್ಲ ಅಗೆದೆವು ಅಂದುಕೊಂಡ ಜಾಗದಲ್ಲೇ ಮುಂದಿನ ವಸಂತಕ್ಕೆ ಮತ್ತೆ ಮೊಳಕೆ ಬರುತ್ತದೆ. ಉಗುರಿನಷ್ಟು ಚೂರು ಸಾಕು.

(“ಗಾಳಿ ವಿಷಯ ಬರೆದೆಯೇನಪ್ಪಾ?” ಇದು ಅತ್ತೆ, ಎಂಬತ್ತನಾಲ್ಕು ವರ್ಷ. ಬೇಡ ಅಜ್ಜಿ, ಓದುವವರು ಮರ್ಯಾದಸ್ಥರು. “ಮರ್ಯಾದಸ್ಥರ ಹೊಟ್ಟೇಲಿ ಗಾಳಿ ಇರಲ್ವಾ? ಬರಿ. ಹಂದಿಗೆಡ್ಡೆ ತಿಂದ ಮನೇಲಿ ಕಳ್ಳ ನುಗ್ಗಲ್ಲ, ಸದ್ದಿಗೇ ಓಡ್ತಾನೆ ಅಂತ ಬರಿ.” ಬರೆದಾಯಿತು.)

ನನ್ನ ಒಂದು ಹರಿದ ಕರಡಿನಲ್ಲಿ ‘ಈ ಗೆಡ್ಡೆ ಕಥೆಯ ಹಾಗೆ, ಎಷ್ಟು ಅಗೆದರೂ’ ಎಂದು ಶುರುವಾಗುವ ಒಂದು ವಾಕ್ಯವಿತ್ತು. ಮಲ್‌ಸುನ್‌ಗೆ ಅನುವಾದಿಸಿ ಹೇಳಿದೆ. ಅವಳು ನನ್ನ ಮುಖ ನೋಡಿ, “ಗೆಡ್ಡೆ ಗೆಡ್ಡೆ ಹಾಗೇ ಇರುತ್ತೆ,” ಅಂದಳು. ಆ ವಾಕ್ಯ ಹೋಯಿತು.

೪

ಸೆಪ್ಟೆಂಬರ್. ಸುಗ್ಗಿಯ ಹಬ್ಬಕ್ಕೆ ಮುಂಚೆ ಗೋರಿಯ ಹುಲ್ಲು ಕತ್ತರಿಸುವ ದಿನ. ಮಳೆಗಾಲವಿಡೀ ಆ ಏರನ್ನು ಯಾರೂ ಹತ್ತಿರಲಿಲ್ಲ. ಹಿತ್ತಲಂಚಿನ ಹಂದಿಗೆಡ್ಡೆ ಗಿಡಗಳು ಗೋಡೆಯ ಹಾಗೆ ಎದ್ದು ಕಿಟಕಿಯಿಂದ ದಿಬ್ಬವೇ ಕಾಣದಂತಾಗಿತ್ತು. ಚಿಕ್ಕಮಾವ ಹುಲ್ಲು ಕತ್ತರಿಸುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಮುಂದೆ, ಅತ್ತೆಯ ಕೈ ಹಿಡಿದು ಮಲ್‌ಸುನ್ ಹಿಂದೆ, ಹೊರಲು ಏನೂ ಇಲ್ಲದ ನಾನು ಕೊನೆಗೆ.

ಗಿಡಗಳ ಗೋಡೆ ದಾಟಿದ್ದೇ ಎಲ್ಲರೂ ನಿಂತೆವು.

ದಿಬ್ಬದ ಎಡ ಮಗ್ಗುಲಿನಿಂದ ಆಳೆತ್ತರ ಮೀರಿ ಗಿಡಗಳು ಎದ್ದಿದ್ದವು. ತುದಿತುದಿಗೂ ಹಳದಿ ಹೂವು. ಬೆಳಗಿನ ಬಿಸಿಲು ಅವುಗಳ ಹಿಂದಿನಿಂದ ಬರುತ್ತಿತ್ತು. ಇಡೀ ಬೆಟ್ಟದಲ್ಲಿ ಅಷ್ಟು ಹಳದಿ ಇನ್ನೆಲ್ಲೂ ಇರಲಿಲ್ಲ. ನನಗೆ ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ ಕೂಡ. (ಬುದ್ಧಿಜೀವಿ ಓದುಗರು ಕ್ಷಮಿಸಬೇಕು.) ಮಲ್‌ಸುನ್ ಮಾತ್ರ ಅತ್ತೆಯ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ನಾಲ್ವರಲ್ಲಿ ಅವಳೊಬ್ಬಳಿಗೇ ಆ ಎಡ ಮಗ್ಗುಲಿನ ಮಣ್ಣು ಎಲ್ಲಿಯದೆಂದು ಗೊತ್ತಿತ್ತು.

“ಯಾರು ನೆಟ್ಟಿದ್ದು ಇದನ್ನ?” ಚಿಕ್ಕಮಾವ ನಮ್ಮ ಕಡೆ ತಿರುಗಿದರು. “ಅಣ್ಣನ ತಲೆ ಮೇಲೆ ಹಂದಿ ಮೇವು! ಇಪ್ಪತ್ತು ತಲೆಮಾರಲ್ಲಿ ಹೀಗಾಗಿಲ್ಲ!”

“ಮ್ಯಾಗ್‌ಪೈ ಹಕ್ಕಿ ತಂದು ಹಾಕಿರ್ಬೇಕು,” ಅಂದಳು ಅತ್ತೆ.

“ಇರಬೇಕು,” ಅಂದಳು ಮಲ್‌ಸುನ್. ಏನೂ ಅರಿಯದ ಹಕ್ಕಿಯ ಮೇಲೆ ಗೂಬೆ ಕೂರಿಸಿದ್ದಾಯಿತು.

ಚಿಕ್ಕಮಾವ ಯಂತ್ರ ಶುರು ಮಾಡಿದರು. ಅತ್ತೆ ನಡೆದು ಹೋಗಿ ಗಿಡಗಳ ಮುಂದೆ ಕೂತುಬಿಟ್ಟಳು. ಹಿತ್ತಲ ಕೆಲಸಕ್ಕೆ ಸೊಂಟಕ್ಕೆ ಕಟ್ಟಿಕೊಳ್ಳುವ ಮೆತ್ತನೆಯ ದುಂಡು ಪೀಠ ಸದಾ ಅವಳ ಹಿಂದೆಯೇ ಇರುತ್ತದೆ. ಎಲ್ಲಿ ಬೇಕಾದರೂ ಸಿಂಹಾಸನ.

“ಏಳಿ ಅತ್ತಿಗೆ.”

“ಏಳಲ್ಲ. ಅರವತ್ತು ವರ್ಷ ಸಂಸಾರ ಮಾಡ್ದೆ, ಈ ಮನುಷ್ಯ ಒಂದು ಹೂವು ತಂದುಕೊಡ್ಲಿಲ್ಲ. ಈಗ ಕೊಟ್ಟಿದ್ದಾನೆ, ನೀವು ಕತ್ತರಿಸೋಕೆ ಬಂದಿದ್ದೀರಿ. ಬಾಡೋವರೆಗೂ ಇರ್ಲಿ.”

ಅತ್ತಿಗೆಯನ್ನು ಎತ್ತಿ ಪಕ್ಕಕ್ಕಿಡುವ ವಿಧಾನ ವಂಶಾವಳಿಯಲ್ಲಿ ಬರೆದಿರಲಿಲ್ಲ. ಚಿಕ್ಕಮಾವ ಸೋತರು. ಆದರೆ ತೀರ್ಪು ಕೊಟ್ಟರು: ಹನ್‌ಸಿಕ್ ಬರುವವರೆಗೆ ಮಣ್ಣು ಮುಟ್ಟುವಂತಿಲ್ಲ. ಬಂದ ದಿನ ಬುಡಸಮೇತ ಅಗೆದು ಸುಡಬೇಕು.

“ಅಲ್ಲೀವರೆಗೂ ಕಾಡುಹಂದಿ ಬರದ ಹಾಗೆ ನೋಡ್ಕೋ ಸೊಸೆಯೇ. ಗೆಡ್ಡೆ ವಾಸನೆ ಹಿಡಿದು ಬಂದ್ರೆ ದಿಬ್ಬಾನೇ ಸೀಳಿಹಾಕ್ತವೆ. ಅಣ್ಣನ ಮೂಳೆ ಹೊರಗೆ ಬಿದ್ರೆ ನಾನು ಯಾರ ಮುಖ ನೋಡ್ಲಿ?”

೫

ಈಗ ನಿಮಗೆ ಒಂದು ಗುಟ್ಟು ಹೇಳಬೇಕು. ಮಲ್‌ಸುನ್ ಇದನ್ನು ಇಷ್ಟಪಡುವುದಿಲ್ಲ, ಆದರೆ ಇದಿಲ್ಲದೆ ಅವಳ ಭಯ ನಿಮಗೆ ಅರ್ಥವಾಗುವುದಿಲ್ಲ.

ಆ ಮನೆಗೆ ಬಂದು ಇಪ್ಪತ್ತೆಂಟು ವರ್ಷ ಅವಳು ಮಾವನಿಗೆ ಮೂರು ಹೊತ್ತು ಬಡಿಸಿದಳು. ಮಾವ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಕೊನೆಗೆ ಒಂದೇ ಮಾತು: “ನೀರು.” ಚೆನ್ನಾಗಿದೆ ಅಂದವರಲ್ಲ, ಉಪ್ಪು ಹೆಚ್ಚಾಯಿತು ಅಂತ ಕೂಡ ಅಂದವರಲ್ಲ. ತನ್ನ ಕೈ ಅಡುಗೆ ಅವರಿಗೆ ರುಚಿಸುತ್ತಿತ್ತೋ, ವಿಧಿಯಿಲ್ಲದೆ ನುಂಗುತ್ತಿದ್ದರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಮುಂಚೆ ಅವರು ಹೋಗಿಬಿಟ್ಟರು. ಈಗ ಅವರಿಗೆ ಹೊದಿಸಿದ ಕೊನೆಯ ಹೊದಿಕೆಯಲ್ಲೂ ಕಳ್ಳತನ ಮಾಡಿದ್ದಳು. ಹಂದಿ ಬಂದು ದಿಬ್ಬ ಸೀಳಿದರೆ, ಸೀಳಿದ್ದು ಹಂದಿಯಲ್ಲ, ತಾನು. ಚಳಿಗಾಲವಿಡೀ ಅವಳ ಎದೆಯ ಮೇಲೆ ಕೂತಿದ್ದ ಮಾತು ಅದು.

ನವೆಂಬರಿನಲ್ಲಿ ಪಕ್ಕದ ಬೆಟ್ಟದ ಒಂದು ಗೋರಿಯನ್ನು ಹಂದಿಗಳು ಅರ್ಧ ಬಗೆದು ಹಾಕಿದವು. ಮಾರನೇ ದಿನವೇ ಮಲ್‌ಸುನ್ ಹಳೆಯ ರೇಡಿಯೋವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಿಬ್ಬದ ಪಕ್ಕದ ಕಂಬಕ್ಕೆ ಕಟ್ಟಿದಳು. ಮನುಷ್ಯರ ದನಿ ಕೇಳಿದರೆ ಹಂದಿ ಹತ್ತಿರ ಬರುವುದಿಲ್ಲವಂತೆ. ಹಗಲೂ ರಾತ್ರಿ ಅದು ಹಾಡಿತು, ಹವಾಮಾನ ಹೇಳಿತು, ಮೂಲಂಗಿಯ ಧಾರಣೆ ಹೇಳಿತು.

“ಬದುಕಿದ್ದಾಗ ರೇಡಿಯೋ ಹಾಕಿದ್ರೆ ಗುರ್ ಅಂತಿದ್ದ,” ಎಂದು ಅತ್ತೆ ಕಿಟಕಿಯಲ್ಲಿ ನಿಂತು ನಕ್ಕಳು. “ಕೇಳು ಮಾರಾಯಾ, ಈಗ ಕೇಳು.”

ದಿನಾ ಬೆಳಿಗ್ಗೆ ಮಲ್‌ಸುನ್ ಏರು ಹತ್ತಿ, ದಿಬ್ಬದ ಸುತ್ತ ಗೊರಸಿನ ಗುರುತು ಹುಡುಕಿ, ರೇಡಿಯೋದ ದನಿ ಬಡವಾಗಿದ್ದರೆ ಬ್ಯಾಟರಿ ಬದಲಿಸಿ ಬರುತ್ತಿದ್ದಳು. ಹಿಮ ಮಂಡಿಯವರೆಗೆ ಬಂದಾಗಲೂ ಹೋದಳು. ಕಾಡಿನ ಮಣ್ಣಿಗೆ ಹತ್ತದ ಮಂಡಿಗಳು ಇದಕ್ಕೆ ಐದು ತಿಂಗಳು ಹತ್ತಿದವು. ಬರೀ ನೋಡಿ ಬರುವುದಕ್ಕೆ ಸಂಕೋಚವಾಗಿ ನಿಧಾನಕ್ಕೆ ಮಾತು ಶುರುವಾಯಿತು. “ಮಾವ, ಇವತ್ತು ಸೊಪ್ಪಿನ ಸಾರು. ಮಾವ, ಅತ್ತೆಗೆ ಕೆಮ್ಮು.” ಇಪ್ಪತ್ತೆಂಟು ವರ್ಷದಲ್ಲಿ ಆಡದಷ್ಟು ಮಾತನ್ನು ಅವಳು ಆ ಐದು ತಿಂಗಳಲ್ಲಿ ಆಡಿದಳು ಅಂತ ನನ್ನ ಅಂದಾಜು.

೬

(ಈ ಭಾಗ ಈಗ ಇಲ್ಲ. ಇದರಲ್ಲಿ ಹಂದಿ ಬಂದಿತ್ತು.

ಕಥೆಗೊಂದು ಪೆಟ್ಟು ಬೇಕು ಅಂತ ನಾನೇ ಕರೆಸಿದ್ದೆ. ಫೆಬ್ರವರಿ, ಸತ್ತ ಬ್ಯಾಟರಿ, ಸೀಳಿದ ದಿಬ್ಬ, ಹಿಮದ ಮೇಲೆ ಏನೋ ಬೆಳ್ಳಗೆ. ಸುಳ್ಳು ಯಾಕೆ, ಚೆನ್ನಾಗಿಯೇ ಬಂದಿತ್ತು. ಮಲ್‌ಸುನ್‌ಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

“ಹಂದಿ ಬಂದ್ರೆ ನಿನ್ನ ಕಥೆಗೆ ಚೆಂದ. ನಂಗೆ?”

ಕಥೆ ತಾನೇ ಅಕ್ಕಾ, ನಿಜ ಅಲ್ಲವಲ್ಲ.

“ದಿನಾ ಹತ್ತಿ ನೋಡಿ ಬರ್ತಿರೋಳು ನಾನು. ನೀನು ಹೀಟರ್ ಮುಂದೆ ಕೂತು ಹಂದಿ ಬಿಡ್ತೀಯಾ?”

ನಾಚಿಕೆಯಾಯಿತು. ಅಳಿಸಿದೆ. ಅವತ್ತು ಅವಳು ನನ್ನನ್ನು ಊಟಕ್ಕೆ ಕರೆಯಲಿಲ್ಲ.)

೭

ಈ ವರ್ಷದ ಹನ್‌ಸಿಕ್. ಬೆಳಗ್ಗೆಯೇ ಚಿಕ್ಕಮಾವ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಹೋದ ಸಲ ಮಲ್‌ಸುನ್ ಹಂದಿಗೆಡ್ಡೆ ಉಪ್ಪಿನಕಾಯಿ ಹಾಕಿ ಕೊಟ್ಟಿದ್ದ ಡಬ್ಬಿ. ಮುಖ ಗಂಟಿಕ್ಕಿಕೊಂಡಿದ್ದರೂ ಡಬ್ಬಿ ಬರಿದಾಗಿರಲಿಲ್ಲ; ಒಳಗೆ ಒಣಗಿಸಿದ ಪರ್ಸಿಮನ್ ಹಣ್ಣು. ಎಷ್ಟೇ ಸಿಟ್ಟಿದ್ದರೂ ಡಬ್ಬಿಯನ್ನು ಹಾಗೇ ವಾಪಸ್ ಕೊಡುವುದುಂಟೇ?

ಏರು ಹತ್ತಿದೆವು. ದಿಬ್ಬ ಇಡಿಯಾಗಿತ್ತು. ರೇಡಿಯೋದಲ್ಲಿ ಯಾರೋ ಹೆಂಗಸು ಜ್ಯೋತಿಷ್ಯ ಹೇಳುತ್ತಿದ್ದಳು. ಮಲ್‌ಸುನ್ ಅದನ್ನು ಆರಿಸಿದಳು. ಐದು ತಿಂಗಳಲ್ಲಿ ಮೊದಲ ಸಲ ಅಲ್ಲಿ ಮೌನವಾಯಿತು.

ಗೋರಿಗೆ ಗುದ್ದಲಿ ತಾಗಿಸುವ ಮುಂಚೆ ಒಳಗಿದ್ದವರಿಗೆ ಹೇಳಬೇಕು. ಒಂದು ಬಟ್ಟಲು ಅಕ್ಕಿಹೆಂಡ ಸುರಿದು, ಬಾಗಿ, ಹೆದರಬೇಡಿ ಅನ್ನಬೇಕು. ಅದು ಚಿಕ್ಕಮಾವನ ಹಕ್ಕು. ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಲ್‌ಸುನ್ ಬಟ್ಟಲು ತೆಗೆದುಕೊಂಡು ಮುಂದೆ ಬಂದು ಮಂಡಿಯೂರಿದಳು. (ಇದನ್ನು ನಾನು ಬರೆದಿರಲಿಲ್ಲ. ನನ್ನ ಕರಡಿನಲ್ಲಿ ಅವಳು ಸುಮ್ಮನೆ ನಿಂತಿದ್ದಳು.)

“ಮಾವ, ಹೆದರ್ಬೇಡಿ. ನಾನು, ಮಲ್‌ಸುನ್. ಈಗ ಮಣ್ಣು ಮುಟ್ತೀನಿ. ಹಕ್ಕಿ ತಂದಿದ್ದಲ್ಲ ಮಾವ. ಹೋದ ವರ್ಷ ಹಿತ್ತಲ ಮಣ್ಣು ಹಾಕ್ದೆ. ಕಾಡಿಗೆ ಹೋಗ್ಲಿಲ್ಲ. ಚಿಕ್ಕಮಾವ ಕೇಳಿದ್ರು, ಸುಳ್ಳು ಹೇಳ್ದೆ. ತಪ್ಪಾಯ್ತು.”

ಚಿಕ್ಕಮಾವನ ಮುಖ ಕೆಂಪಾಯಿತು. ಬಾಯಿ ತೆರೆದರು. ಅಷ್ಟರಲ್ಲಿ ಮಲ್‌ಸುನ್ ಕೈಗುದ್ದಲಿಯಿಂದ ಹುಲ್ಲಿನ ಹೆಂಟೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಒಂದು ಒಣ ಕಾಂಡದ ಬುಡಕ್ಕೆ ಕೈ ಹಾಕಿ ಎಳೆದಳು.

ಬುಡದ ತುಂಬ ಗೆಡ್ಡೆ. ಒಂದರ ಬೆನ್ನಿಗೆ ಒಂದು, ಮುಷ್ಟಿಗಾತ್ರದವು, ತೆಳು ಗುಲಾಬಿ ಸಿಪ್ಪೆ, ಆಗಲೇ ಬಿಳಿ ಮೊಳಕೆ ಇಣುಕುತ್ತಿತ್ತು. ಅವಳು ಕೈಯಿಂದಲೇ ಮಣ್ಣು ಸರಿಸಿದಳು. ಸರಿಸಿದಲ್ಲೆಲ್ಲ ಗೆಡ್ಡೆ. ಹಿತ್ತಲಲ್ಲಿ ಗೊಬ್ಬರ ಹಾಕಿ ಸಾಕಿದ ಪಾತಿಯಲ್ಲೂ ಇಂಥದ್ದು ಬಂದಿರಲಿಲ್ಲ. ಒಂದು ಬೋಗುಣಿ ತುಂಬಿತು. ಇನ್ನೊಂದು ತುಂಬಿತು. ಎರಡು ಬೋಗುಣಿ ಮಣ್ಣು ಹಾಕಿದ್ದಳು, ಅದೇ ಎರಡು ಬೋಗುಣಿ ತುಂಬ ಅನ್ನ ಹೊರಗೆ ಬಂತು. ಯಾವ ಚೂರಿನಿಂದ? ಅವಳ ಉಗುರಿಗಿಂತ ದೊಡ್ಡದೇನೂ ಇರಲಾರದು. ನಾನು ನಾಲ್ಕು ಪುಸ್ತಕ ಬರೆದವನು, ಹೋಲಿಕೆ ಹುಡುಕಿ ಅನ್ನ ತಿನ್ನುವವನು. ಅವತ್ತು ಒಂದೂ ಸಿಗಲಿಲ್ಲ. ಮೈ ಜುಮ್ಮೆಂದಿತು, ಕಣ್ಣು ತುಂಬಿತು, ಅಷ್ಟೇ ಹೇಳಬಲ್ಲೆ.

“ಸುಡ್ಬೇಕು,” ಅಂದರು ಚಿಕ್ಕಮಾವ. ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಅವರೂ ಬೋಗುಣಿಯನ್ನೇ ನೋಡುತ್ತಿದ್ದರು.

ಅತ್ತೆ ಪೀಠದ ಮೇಲಿಂದಲೇ ಕೈ ಚಾಚಿ ಒಂದು ಗೆಡ್ಡೆ ತೆಗೆದುಕೊಂಡಳು. ಸೆರಗಿಲ್ಲದ ಊರು, ಅಂಗಿಯ ತುದಿಗೆ ಒರೆಸಿದಳು. ಕಚ್ಚಿದಳು. ಕರಕ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು.

“ಅತ್ತಿಗೆ! ಗೋರಿದು ಅದು!”

“ವರ್ಷ ವರ್ಷಾ ಇಲ್ಲಿ ಎಡೆ ಇಡ್ತೀವಿ. ಅವನು ತಿಂದ್ಮೇಲೆ ಉಳಿದಿದ್ದನ್ನ ನಾವು ತಿಂತೀವಿ, ಪುಣ್ಯ ಅಂತ. ಹೌದೋ ಅಲ್ವೋ?”

“ಹೌದು. ಅದು ಬೇರೆ.”

“ಏನು ಬೇರೆ ಮೈದುನ್ರೇ? ಅದು ನಾವು ಬಡಿಸಿದ್ದು, ಇದು ಅವನು ಬಡಿಸಿದ್ದು. ಬಡಿಸಿದ್ದನ್ನ ಸುಡ್ತೀರಾ?”

ಅವಳು ಇನ್ನೊಂದನ್ನು ಒರೆಸಿ ಮೈದುನನ ಕಡೆ ಹಿಡಿದಳು. ಇಪ್ಪತ್ತು ತಲೆಮಾರುಗಳು ಚಿಕ್ಕಮಾವನ ಹಿಂದೆ ನಿಂತು ನೋಡುತ್ತಿದ್ದವು. ಅವರು ತೆಗೆದುಕೊಂಡರು. ಕಚ್ಚಿದರು. ಬಹಳ ಹೊತ್ತು ಅಗಿದರು. ಆಮೇಲೆ ಮಣ್ಣಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಲ್‌ಸುನ್ ಕಡೆ ತಿರುಗಿದರು. ಬೈಗುಳಕ್ಕೆ ಅವಳು ತಲೆ ತಗ್ಗಿಸಿದಳು.

“ಅಣ್ಣ ನಮ್ಮನೇಲಿ ಒಂದು ರಾತ್ರೀನೂ ಉಳೀಲಿಲ್ಲ,” ಅಂದರು ಚಿಕ್ಕಮಾವ. “ಎಷ್ಟು ಸಲ ಬಂದ. ಎಷ್ಟು ಸಲ ಕರೆದ್ವಿ. ಕೊನೇ ಬಸ್ಸಿಗೆ ಓಡೋನು. ನಮ್ಮಾಕೆ ಮಾಂಸ ಬೇಯಿಸಿಟ್ರೂ ಇಲ್ಲ. ಮನೇಲಿ ಸೊಸೆ ಸಾರು ಮಾಡಿರ್ತಾಳೆ ಅನ್ನೋನು. ನಮ್ಮಾಕೆಗೆ ಆ ಸಿಟ್ಟು ಇನ್ನೂ ಇದೆ.”

ಮಲ್‌ಸುನ್ ತಲೆ ಎತ್ತಲಿಲ್ಲ. ಮಣ್ಣು ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಇಪ್ಪತ್ತೆಂಟು ವರ್ಷ ಬರೀ ‘ನೀರು’ ಎಂದು ಕೇಳಿಸಿಕೊಂಡವಳು. ಕೊನೇ ಬಸ್ಸಿನಿಂದ ಇಳಿದು ಬಂದವರಿಗೆ ಎಷ್ಟು ಸಲ ಸಾರು ಬಿಸಿ ಮಾಡಿ ಬಡಿಸಿದ್ದಳೋ. ಪೇಟೆಯಲ್ಲಿ ತಮ್ಮನ ಮನೆಯಲ್ಲೇ ಉಳಿದಿದ್ದರೆ ನನಗಿಷ್ಟು ಕೆಲಸ ತಪ್ಪುತ್ತಿತ್ತು ಅಂತ ಅವಾಗೆಲ್ಲ ಗೊಣಗಿದ್ದಳಂತೆ.

ಆಮೇಲೆ ಚಿಕ್ಕಮಾವ ತಾವೇ ಬೋಗುಣಿ ಹಿಡಿದು ಕಾಡಿಗೆ ಹತ್ತಿದರು. ನಾನೂ ಹೋದೆ, ಈ ಸಲ ಹೊರಲು ಏನೋ ಇತ್ತು. ಕೆಂಪು ಮಣ್ಣು ತಂದು ದಿಬ್ಬದ ಬಳಿ ಸುರಿದೆವು. ಅದನ್ನು ತುಂಬಿ, ತಟ್ಟಿ, ಹೆಂಟೆ ಕೂರಿಸಿದ್ದು ಮಲ್‌ಸುನ್. ನಮ್ಮನ್ನು ಹತ್ತಿರ ಬಿಡಲಿಲ್ಲ.

(ಇಳಿಯುವಾಗ ಚಿಕ್ಕಮಾವನ ಹೊಟ್ಟೆಯಿಂದ ಒಂದು ಸದ್ದು ಬಂತು. ನಾನು ಬರೆಯುವುದಿಲ್ಲ ಅಂದೆ. ಅತ್ತೆ ಬರೆಸಿದಳು.)

೮

ಇನ್ನು ಮುಗಿಸಬೇಕು. ನನ್ನ ಹತ್ತಿರ ಮುಕ್ತಾಯಗಳಿಗೇನೂ ಬರವಿಲ್ಲ.

ಒಂದು: ಮನೆಮಂದಿಯೆಲ್ಲ ಸುತ್ತ ಕೂತು ಗೆಡ್ಡೆ ಹೆಚ್ಚುತ್ತಾರೆ, ಸೋಯಾ ಕುದಿಯುತ್ತದೆ, ಚಿಕ್ಕಮಾವನ ಡಬ್ಬಿ ತುಂಬುತ್ತದೆ. ಇದು ನಿಜವಾಗಿಯೂ ನಡೆಯಿತು, ಆದರೆ ತೀರಾ ಜಾಹೀರಾತಿನ ಹಾಗಿದೆ.

ಇನ್ನೊಂದು: ಅತ್ತೆ ಆ ಬೇಸಿಗೆಯಲ್ಲಿ ತೀರಿಕೊಂಡು ಪಕ್ಕದ ದಿಬ್ಬವಾಗುತ್ತಾಳೆ, ಎರಡೂ ದಿಬ್ಬದ ಮೇಲೆ ಹಳದಿ ಹೂವು. ಇದನ್ನು ಓದಿ ಹೇಳಿದಾಗ ಅತ್ತೆ, “ನನ್ನ ಸಾಯಿಸಿ ನೀನು ಪ್ರಶಸ್ತಿ ತಗೋತೀಯಾ? ಬಾಡಿಗೆ ಏರಿಸ್ತೀನಿ ನೋಡು,” ಅಂದಳು. ಬಿಟ್ಟೆ.

ಮೂರನೆಯದು ನನಗೆ ಇಷ್ಟವಾಗಿತ್ತು. ಕಾಡಿನ ಕೆಂಪು ಮಣ್ಣು, ನುಣ್ಣಗಿನ ದಿಬ್ಬ, ರೇಡಿಯೋ ಕಳಚಿದ ಬರೀ ಕಂಬ. ತಪ್ಪು ಒಪ್ಪಿದ್ದಾಯಿತು, ಗೆಡ್ಡೆ ತೆಗೆದದ್ದಾಯಿತು, ಶುಭಂ. ಕೊನೆಯ ಸಾಲು ಬರೆಯುವ ಮುಂಚೆ ಒಮ್ಮೆ ನೋಡಿ ಬರೋಣ ಅಂತ ಇವತ್ತು ಮಧ್ಯಾಹ್ನ ಏರು ಹತ್ತಿದೆ. ಮೇ ತಿಂಗಳ ಎಳೆ ಬಿಸಿಲು. ಕಂಬದಲ್ಲಿ ರೇಡಿಯೋ ಇತ್ತು. ದಿಬ್ಬದ ಎಡ ಮಗ್ಗುಲಲ್ಲಿ, ಹೊಸ ಹುಲ್ಲಿನ ನಡುವೆ, ಗೇಣುದ್ದದ ಒಂದು ಮೊಳಕೆ ನಿಂತಿತ್ತು. ಎಲೆಯ ಮೇಲೆ ಸಣ್ಣ ಸುಂಕು. ಹಂದಿಗೆಡ್ಡೆ.

ಓಡಿ ಕೆಳಗಿಳಿದೆ. ಮಲ್‌ಸುನ್ ನಲ್ಲಿಯ ಹತ್ತಿರ ಸೊಪ್ಪು ತೊಳೆಯುತ್ತಿದ್ದಳು.

“ಅಕ್ಕಾ! ಒಂದು ಉಳಿದುಬಿಟ್ಟಿದೆ!”

“ಉಳಿದಿದ್ದಲ್ಲ. ಇಟ್ಟಿದ್ದು.”

“ನೀನಾ? ಹಂದಿ ಬಂದ್ರೆ?”

“ರೇಡಿಯೋ ಕಟ್ಟಿದ್ದೀನಲ್ಲ.”

“ಸೆಪ್ಟೆಂಬರಲ್ಲಿ ಚಿಕ್ಕಮಾವ ನೋಡಿದ್ರೆ?”

“ನೋಡ್ಲಿ.”

“ಯಾಕಕ್ಕಾ? ಇಷ್ಟೆಲ್ಲ ಆದ್ಮೇಲೆ?”

ಅವಳು ಸೊಪ್ಪು ಕೊಡವಿ ನನ್ನನ್ನು ನೋಡಿದಳು. ಹನ್ನೊಂದು ವರ್ಷ ಈ ಮನೆಯ ಅನ್ನ ತಿಂದೂ ಇಷ್ಟು ಗೊತ್ತಾಗಲಿಲ್ಲವೇ ಎನ್ನುವಂತಿತ್ತು ಆ ನೋಟ.

“ಮಾವ ಅಷ್ಟು ತುಂಬಿ ಕೊಟ್ಟಿದ್ದಾರೆ,” ಅಂದಳು. “ಪಾತ್ರೆ ಬರಿದಾಗಿ ವಾಪಸ್ ಕೊಡ್ತಾರೇನೋ?”

ನಾನು ಕೋಣೆಗೆ ಬಂದು ಮೂರನೆಯ ಮುಕ್ತಾಯವನ್ನೂ ಅಳಿಸಿದೆ. ಹಂದಿ ಬರುತ್ತದೋ ಇಲ್ಲವೋ, ಚಿಕ್ಕಮಾವ ಯಂತ್ರ ಹೊತ್ತು ತರುತ್ತಾರೋ ಡಬ್ಬಿ ಹೊತ್ತು ತರುತ್ತಾರೋ, ನನಗೆ ಗೊತ್ತಿಲ್ಲ. ಗೊತ್ತಾದರೂ ಹೇಳುವ ಹಕ್ಕು ನನ್ನದಲ್ಲ. ನನಗೆ ಗೊತ್ತಿರುವುದು ಇಷ್ಟೇ: ಈಗಷ್ಟೇ ಕಿಟಕಿಯ ಹೊರಗಿಂದ ಅವಳು ಕೂಗಿದಳು.

“ಏನ್ ಕಥೆಗಾರಪ್ಪಾ, ಬರೆದಿದ್ದು ಸಾಕು! ಪೇಟೆಗೆ ಹೋಗಿ ಬ್ಯಾಟರಿ ತಗೊಂಡು ಬಾ. ದೊಡ್ಡದು, ನಾಲ್ಕು. ಮಾವನ ರೇಡಿಯೋ ದನಿ ಇಳಿದಿದೆ.”

ಅಂಗಡಿ ಆರಕ್ಕೆ ಮುಚ್ಚುತ್ತದೆ. ನಾನು ಹೊರಟೆ.